ಖರ್ಚು ಯಾವ ವರ್ಷದ್ದು?

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಸಿಂಧನೂರಿಗೆ ಸಾಗುವ ದಾರಿಯ ನಡುವೆ ಮಸ್ಕಿ ಎಂಬ ಊರಿದೆ. ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡುಹಿಡಿದನು. ‘ದೇವಾನಾಂಪ್ರಿಯ’ನೆಂದು ಕರೆದುಕೊಂಡ ಅರಸನು ಅಶೋಕನೇ ಎಂಬುದನ್ನು ಹೆಸರು ಹೇಳಿ ಸಾರಿದುದರಿಂದ ಆ ಶಾಸನವು ಇತಿಹಾಸದಲ್ಲಿ ಪ್ರಸಿದ್ಧವಾಯಿತು. ಅದರಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯೂ ಇದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲ ಸಂದಿತೆಂದು ಅರಸನು ಮೊದಲಿಗೇ ಹೇಳಿಕೊಂಡಿದ್ದಾನೆ. ನಡೆದ ಸಂಗತಿಯನ್ನು ಬರೆದಿಡುವವನು ಅದು ನಡೆದ ಕಾಲವನ್ನೂ ಬರೆದಿಡಬೇಕು. ಕಾಲವಿಲ್ಲದ ದಾಖಲೆ ಅರ್ಧ ದಾಖಲೆ.

ಅರಸನಿಗೆ ಸಲ್ಲುವ ಈ ಮಾತು ವರ್ತಕನಿಗೂ ಸಲ್ಲುತ್ತದೆ. ಅವನ ಕಿರ್ದಿ ಪುಸ್ತಕದ ಮೊದಲನೆಯ ಅಂಕಣ ತಾರೀಖಿನದು. ಹಣ ಎಷ್ಟು ಎಂಬುದಕ್ಕಿಂತ ಮುಂಚೆ ಹಣ ಎಂದು ಎಂಬುದನ್ನು ಅವನು ಬರೆಯುತ್ತಾನೆ. ಮೇಲುನೋಟಕ್ಕೆ ಇದು ಕೇವಲ ರೂಢಿಯೆಂದು ತೋರಬಹುದು. ಆದರೆ ಆದಾಯ ತೆರಿಗೆಯ ಲೆಕ್ಕಕ್ಕೆ ಬಂದಾಗ ಆ ಅಂಕಣವೇ ಲಾಭ ನಷ್ಟಗಳನ್ನು ತೀರ್ಮಾನಿಸುವಷ್ಟು ಮಹತ್ತ್ವವನ್ನು ಪಡೆಯುತ್ತದೆ.

ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಪ್ರದೇಶವಾದ ಸಿಂಧನೂರು ಸೀಮೆಯ ಬಾಳು ಬೇರೆಯಾಯಿತು. ಮಳೆಯನ್ನೇ ನಂಬಿದ್ದ ಕಪ್ಪು ನೆಲದಲ್ಲಿ ಭತ್ತದ ಗದ್ದೆಗಳು ಹರಡಿದವು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರ್ ಮಾರುವ ಮಳಿಗೆಗಳು, ಅಡತಿ ಅಂಗಡಿಗಳು ಬಂದವು. ಮಸ್ಕಿ, ಲಿಂಗಸುಗೂರುಗಳ ಪೇಟೆಗಳಲ್ಲಿ ಜೋಳ, ತೊಗರಿ, ಹತ್ತಿಗಳ ವ್ಯಾಪಾರವುಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ಬೆಳೆ ಬೆಳೆಯುವ ರೈತನ ಬೇಸಾಯದ ವರಮಾನಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಲ್ಲ. ಆದರೆ ಆ ಬೆಳೆಯನ್ನು ಕೊಂಡು ಮಾರುವ ವರ್ತಕನೂ ಅದನ್ನು ಅಕ್ಕಿ ಮಾಡುವ ಗಿರಣಿಯೂ ಆ ಗಿರಣಿಯ ಯಂತ್ರವನ್ನು ದುರಸ್ತಿ ಮಾಡುವ ಕಾರ್ಖಾನೆಯೂ ತಮ್ಮ ಲಾಭದ ಮೇಲೆ ತೆರಿಗೆ ತೆರಬೇಕಾಗುತ್ತದೆ.

ತೆರಿಗೆ ಬೀಳುವುದು ಬಂದ ಹಣದ ಮೇಲಲ್ಲ, ಉಳಿದ ಲಾಭದ ಮೇಲೆ. ವ್ಯಾಪಾರಕ್ಕಾಗಿ ಮಾಡಿದ ಖರ್ಚನ್ನು ವರಮಾನದಿಂದ ವಜಾ ಮಾಡಲು ಕಾನೂನು ಅವಕಾಶ ಕೊಟ್ಟಿದೆ. ಹೀಗಿರಲು ಎರಡು ಪ್ರಶ್ನೆಗಳು ಏಳುತ್ತವೆ. ಯಾವ ಖರ್ಚನ್ನು ವಜಾ ಮಾಡಬಹುದು? ಅದನ್ನು ಯಾವ ವರ್ಷದಲ್ಲಿ ವಜಾ ಮಾಡಬಹುದು? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಅನೇಕರು ಮರೆಯುತ್ತಾರೆ. ಮರೆತವರು ಮಾರ್ಚ್ ತಿಂಗಳ ಕೊನೆಯಲ್ಲಿ ಅದನ್ನು ನೆನೆದು ಪರಿತಪಿಸುತ್ತಾರೆ.

ಮೊದಲಿಗೆ ‘ವರ್ಷ’ ಎಂದರೆ ಯಾವುದು ಎಂಬುದನ್ನು ತಿಳಿಯಬೇಕು. ಈ ನಾಡಿನ ವರ್ತಕರು ದೀಪಾವಳಿಯಲ್ಲಿ ಲಕ್ಷ್ಮಿಯನ್ನು ಪೂಜಿಸಿ ಹೊಸ ಖಾತೆ ಪುಸ್ತಕಗಳಿಗೆ ಅರಿಸಿನ ಕುಂಕುಮವಿಟ್ಟು ಲೆಕ್ಕ ಆರಂಭಿಸುವುದು ಬಹುಕಾಲದ ಪದ್ಧತಿ. ಹಿಂದೆ ತೆರಿಗೆಯ ಕಾನೂನು ಕೂಡ ಈ ಪದ್ಧತಿಯನ್ನು ಒಪ್ಪಿತ್ತು. ವರ್ತಕನು ದೀಪಾವಳಿಯಿಂದ ದೀಪಾವಳಿಗೆ ಲೆಕ್ಕವಿಟ್ಟರೂ ನಡೆಯುತ್ತಿತ್ತು. 1987ರಲ್ಲಿ ಮಾಡಿದ ತಿದ್ದುಪಡಿಯ ಪರಿಣಾಮವಾಗಿ, 1989ರ ಮಾರ್ಚ್ 31ರಂದು ಮುಗಿದ ವರ್ಷದಿಂದ ಎಲ್ಲರಿಗೂ ಒಂದೇ ಗಡಿ ಏರ್ಪಟ್ಟಿತು. ಏಪ್ರಿಲ್ 1ರಂದು ವರ್ಷ ಆರಂಭ, ಮಾರ್ಚ್ 31ರಂದು ಮುಕ್ತಾಯ. ಪೂಜೆ ದೀಪಾವಳಿಯಲ್ಲಿಯೇ ಉಳಿಯಿತು, ಲೆಕ್ಕ ಮಾರ್ಚಿಗೆ ಸರಿಯಿತು. ಸಿಂಧನೂರಿನ ಮುಂಗಾರಿನ ಭತ್ತ ಈ ಗಡಿಯ ಈಚೆಗೆ ಕಣಕ್ಕೆ ಬರುತ್ತದೆ. ಬೇಸಗೆಯ ಭತ್ತ ಹಲವು ಬಾರಿ ಗಡಿಯ ಆಚೆಗೆ ಬರುತ್ತದೆ. ಪ್ರಕೃತಿಯ ವರ್ಷವೂ ಕಾನೂನಿನ ವರ್ಷವೂ ಒಂದೇ ಅಲ್ಲದಿರುವುದರಿಂದಲೇ ತೊಡಕು ಹುಟ್ಟುತ್ತದೆ.

ಲೆಕ್ಕವಿಡುವ ಪದ್ಧತಿಗಳು ಮುಖ್ಯವಾಗಿ ಎರಡು. ಒಂದು ನಗದು ಪದ್ಧತಿ, ಇನ್ನೊಂದು ಮರ್ಕಂಟೈಲ್ ಪದ್ಧತಿ. ನಗದು ಪದ್ಧತಿಯಲ್ಲಿ ಹಣ ಕೈಗೆ ಬಂದ ದಿನವೇ ವರಮಾನದ ದಿನ, ಹಣ ಕೈಬಿಟ್ಟ ದಿನವೇ ಖರ್ಚಿನ ದಿನ. ಉದ್ರಿ ಕೊಟ್ಟದ್ದಾಗಲಿ ಬಾಕಿ ಉಳಿಸಿಕೊಂಡದ್ದಾಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮರ್ಕಂಟೈಲ್ ಪದ್ಧತಿಯಲ್ಲಿ ಹಣದ ಓಡಾಟಕ್ಕಿಂತ ಹಕ್ಕು ಮತ್ತು ಹೊಣೆಗಳು ಮುಖ್ಯ. ಸರಕನ್ನು ಮಾರಿ ಹಣ ಕೇಳುವ ಹಕ್ಕು ಹುಟ್ಟಿದ ದಿನ ವರಮಾನ ಬಂದಂತೆ. ಕೆಲಸ ಮಾಡಿಸಿಕೊಂಡು ಹಣ ಕೊಡುವ ಹೊಣೆ ಹುಟ್ಟಿದ ದಿನ ಖರ್ಚಾದಂತೆ.

ಒಂದು ಕಲ್ಪಿತ ಉದಾಹರಣೆಯಿಂದ ಈ ಭೇದ ಸ್ಪಷ್ಟವಾಗುವುದು. ಸಿಂಧನೂರಿನಲ್ಲಿ ಪಾಲುದಾರಿಕೆಯ ಅಕ್ಕಿ ಗಿರಣಿಯೊಂದು ಇದೆಯೆಂದು ಭಾವಿಸಬಹುದು. ಅದು ಒಂದು ವರ್ಷದಲ್ಲಿ 10 ಕೋಟಿ ರೂಪಾಯಿಯ ಅಕ್ಕಿಯನ್ನು ಮಾರಿತು. ಅದರಲ್ಲಿ 50 ಲಕ್ಷ ರೂಪಾಯಿ ದೂರದ ಊರಿನ ವರ್ತಕರಿಂದ ಮಾರ್ಚ್ 31ರವರೆಗೆ ಬರಲಿಲ್ಲ. ಭತ್ತಕ್ಕೆ 9 ಕೋಟಿ ರೂಪಾಯಿಯನ್ನು ರೈತರಿಗೆ ಪೂರ್ತಿಯಾಗಿ ಕೊಡಲಾಯಿತು. ಆ ಭತ್ತವೆಲ್ಲ ಅಕ್ಕಿಯಾಗಿ ಮಾರಿಹೋಯಿತು. ಸಂಬಳ, ಹಮಾಲಿ, ವಿದ್ಯುತ್ತು ಮೊದಲಾದ ಖರ್ಚು 70 ಲಕ್ಷ ರೂಪಾಯಿ. ಅದರಲ್ಲಿ ಮಾರ್ಚ್ ತಿಂಗಳ ವಿದ್ಯುತ್ತಿನ 5 ಲಕ್ಷ ರೂಪಾಯಿಯ ಬಿಲ್ಲು ಏಪ್ರಿಲಿನಲ್ಲಿ ಪಾವತಿಯಾಗತಕ್ಕದ್ದು. ಮಸ್ಕಿಯ ಒಂದು ಸಣ್ಣ ಕಾರ್ಖಾನೆ ಡಿಸೆಂಬರಿನಲ್ಲಿ ಯಂತ್ರಗಳ ದುರಸ್ತಿ ಮಾಡಿತ್ತು; ಅದಕ್ಕೆ ಸಲ್ಲಬೇಕಾದ 2 ಲಕ್ಷ ರೂಪಾಯಿಯೂ ಬಾಕಿ ಉಳಿದಿದೆ.

ಮರ್ಕಂಟೈಲ್ ಪದ್ಧತಿಯಂತೆ ವರಮಾನ 10 ಕೋಟಿ. ಖರ್ಚು 9 ಕೋಟಿ 72 ಲಕ್ಷ. ಲಾಭ 28 ಲಕ್ಷ ರೂಪಾಯಿ. ನಗದು ಪದ್ಧತಿಯಂತೆ ಬಂದದ್ದು 9 ಕೋಟಿ 50 ಲಕ್ಷ. ಕೊಟ್ಟದ್ದು 9 ಕೋಟಿ 65 ಲಕ್ಷ. ಲಾಭದ ಮಾತಿರಲಿ, 15 ಲಕ್ಷ ರೂಪಾಯಿಯ ನಷ್ಟವೇ ಕಾಣುತ್ತದೆ. ಗಿರಣಿ ಒಂದೇ, ವ್ಯಾಪಾರ ಒಂದೇ, ವರ್ಷವೂ ಒಂದೇ. ಫಲಿತಾಂಶ ಮಾತ್ರ ಬೇರೆ. ಮರುವರ್ಷ 50 ಲಕ್ಷ ರೂಪಾಯಿ ಬಂದು, 7 ಲಕ್ಷ ರೂಪಾಯಿಯ ಬಾಕಿ ತೀರಿದಾಗ ನಗದು ಪದ್ಧತಿಯ ಪುಸ್ತಕದಲ್ಲಿ 43 ಲಕ್ಷ ರೂಪಾಯಿಯ ಲಾಭ ಹೆಚ್ಚುವರಿಯಾಗಿ ಕಾಣಿಸಿಕೊಳ್ಳುತ್ತದೆ. 43ರಲ್ಲಿ 15ನ್ನು ಕಳೆದರೆ ಉಳಿಯುವುದು ಅದೇ 28. ಎರಡು ವರ್ಷಗಳನ್ನು ಒಟ್ಟುಗೂಡಿಸಿದರೆ ಎರಡು ಪದ್ಧತಿಗಳೂ ಒಂದೇ ಸತ್ಯವನ್ನು ಹೇಳುತ್ತವೆ. ಲೆಕ್ಕದ ಪದ್ಧತಿ ಲಾಭವನ್ನು ಸೃಷ್ಟಿಸುವುದೂ ಇಲ್ಲ, ನಾಶಮಾಡುವುದೂ ಇಲ್ಲ. ಅದನ್ನು ಒಂದು ವರ್ಷದಿಂದ ಇನ್ನೊಂದಕ್ಕೆ ಸರಿಸುತ್ತದೆ ಅಷ್ಟೆ.

ಮೊತ್ತ ಒಂದೇ ಆದಮೇಲೆ ವರ್ಷದ ಚಿಂತೆಯೇಕೆ ಎಂದು ಕೇಳಬಹುದು. ಪಾಲುದಾರಿಕೆಯ ಸಂಸ್ಥೆಗೆ ತೆರಿಗೆಯ ದರ ನೂರಕ್ಕೆ 30. ಮರ್ಕಂಟೈಲ್ ಪದ್ಧತಿಯ ಗಿರಣಿ 28 ಲಕ್ಷದ ಲಾಭಕ್ಕೆ, ಉಪಕರವನ್ನು ಬಿಟ್ಟು, 8 ಲಕ್ಷ 40 ಸಾವಿರ ರೂಪಾಯಿ ತೆರಿಗೆ ಕೊಡಬೇಕು. ಆದರೆ ಅದರ 50 ಲಕ್ಷ ರೂಪಾಯಿ ಇನ್ನೂ ಬೇರೆಯವರ ಕೈಯಲ್ಲಿದೆ. ಪುಸ್ತಕದಲ್ಲಿ ಲಾಭವಿದ್ದು ಪೆಟ್ಟಿಗೆಯಲ್ಲಿ ಹಣವಿಲ್ಲದ ಸ್ಥಿತಿ ಅದು. ತೆರಿಗೆಗಾಗಿ ಸಾಲ ಮಾಡಿದರೆ ಬಡ್ಡಿ ತೆರಬೇಕು. ಮುಂದಿನ ಸುಗ್ಗಿಯಲ್ಲಿ ಭತ್ತ ಕೊಳ್ಳಲು ಬಂಡವಾಳ ಸಾಲದೆ ಹೋಗಬಹುದು. ಒಂದು ವರ್ಷ ತಡವಾಗಿ ಕೊಡುವ ತೆರಿಗೆಯೂ ಇಂದೇ ಕೊಡುವ ತೆರಿಗೆಯೂ ಅಂಕಿಯಲ್ಲಿ ಸಮವಾದರೂ ವ್ಯಾಪಾರದಲ್ಲಿ ಸಮವಲ್ಲ.

ಹಾಗಾದರೆ ಪ್ರತಿಯೊಬ್ಬನೂ ತನಗೆ ಅನುಕೂಲವಾದ ಪದ್ಧತಿಯನ್ನು ಆಗಾಗ ಬದಲಿಸಿಕೊಳ್ಳಬಹುದೆ? ಅದಕ್ಕೆ ಕಾನೂನು ಆಸ್ಪದ ಕೊಡುವುದಿಲ್ಲ. 1961ರ ಆದಾಯ ತೆರಿಗೆ ಅಧಿನಿಯಮದ 145ನೆಯ ಪ್ರಕರಣವು ಎರಡರಲ್ಲಿ ಒಂದು ಪದ್ಧತಿಯನ್ನು ಆರಿಸಿಕೊಂಡು ಅದನ್ನೇ ಕ್ರಮವಾಗಿ ಅನುಸರಿಸಬೇಕೆಂದು ವಿಧಿಸಿತು. ಮೊದಲು ಕೆಲವರು ವರಮಾನಕ್ಕೆ ನಗದು ಪದ್ಧತಿಯನ್ನೂ ಖರ್ಚಿಗೆ ಮರ್ಕಂಟೈಲ್ ಪದ್ಧತಿಯನ್ನೂ ಬೆರೆಸಿ ಲೆಕ್ಕವಿಡುತ್ತಿದ್ದರು. 1995ರ ಹಣಕಾಸು ಕಾನೂನು ಈ ಮಿಶ್ರ ಪದ್ಧತಿಗೆ ಮುಕ್ತಾಯ ಹಾಡಿತು. 1997ರ ಏಪ್ರಿಲ್ 1ರಿಂದ ಆ ನಿಯಮ ಜಾರಿಗೆ ಬಂದಿತು. ಕಂಪನಿಗಳಿಗಂತೂ ಆಯ್ಕೆಯೇ ಇಲ್ಲ. 2013ರ ಕಂಪನಿ ಕಾನೂನಿನಂತೆ ಅವು ಮರ್ಕಂಟೈಲ್ ಪದ್ಧತಿಯಲ್ಲಿಯೇ ಪುಸ್ತಕಗಳನ್ನು ಇಡಬೇಕು.

ಮರ್ಕಂಟೈಲ್ ಪದ್ಧತಿಯಲ್ಲಿ ಹೊಣೆ ಹುಟ್ಟಿತೇ ಇಲ್ಲವೇ ಎಂಬುದು ಮುಖ್ಯ ಪ್ರಶ್ನೆಯಾದುದರಿಂದ ಅನೇಕ ವ್ಯಾಜ್ಯಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. ಕೇದಾರನಾಥ್ ಜೂಟ್ ಕಂಪನಿಯ ವ್ಯಾಜ್ಯದಲ್ಲಿ ಆ ಕಂಪನಿ ತನ್ನ ಮೇಲೆ ಬಿದ್ದ ಮಾರಾಟ ತೆರಿಗೆಯನ್ನು ಪ್ರಶ್ನಿಸಿತ್ತು, ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಆದರೂ ಕಾನೂನಿನಂತೆ ಹೊಣೆ ಹುಟ್ಟಿದ ವರ್ಷದಲ್ಲಿಯೇ ಅದನ್ನು ವಜಾ ಮಾಡಬಹುದೆಂದು 1971ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕರ್ನಾಟಕಕ್ಕೆ ಸೇರಿದ ಒಂದು ಪ್ರಸಿದ್ಧ ವ್ಯಾಜ್ಯವೂ ಇದೆ. ಬೆಂಗಳೂರಿನ ಭಾರತ್ ಅರ್ತ್ ಮೂವರ್ಸ್ ಕಂಪನಿ ತನ್ನ ನೌಕರರು ಗಳಿಸಿದ ರಜೆಗೆ ಮುಂದೆ ಕೊಡಬೇಕಾದ ಹಣವನ್ನು ಅಂದಾಜು ಮಾಡಿ ವಜಾ ಕೇಳಿತು. ನೌಕರನು ದುಡಿದು ರಜೆ ಗಳಿಸಿದಾಗಲೇ ಹೊಣೆ ಹುಟ್ಟಿತು, ಕೊಡುವ ದಿನ ಮುಂದಿದ್ದರೂ ಅದು ನಿಶ್ಚಿತವಾದ ಹೊಣೆಯೇ ಎಂದು 2000ದಲ್ಲಿ ನ್ಯಾಯಾಲಯ ಹೇಳಿತು. ಆದರೆ ‘ಯಂತ್ರ ಮುಂದಿನ ವರ್ಷ ಕೆಡಬಹುದು’ ಎಂಬ ಬರಿಯ ಊಹೆಯಿಂದ ಹೊಣೆ ಹುಟ್ಟುವುದಿಲ್ಲ. ನಿಶ್ಚಯಕ್ಕೆ ವಜಾ ಉಂಟು, ಶಂಕೆಗೆ ಇಲ್ಲ.

ಈ ಉದಾರ ತತ್ತ್ವವನ್ನು ಕೆಲವರು ದುರುಪಯೋಗಪಡಿಸಿಕೊಂಡರು. ಗಿರಾಕಿಗಳಿಂದ ತೆರಿಗೆ ವಸೂಲು ಮಾಡಿ, ಭವಿಷ್ಯನಿಧಿಯ ವಂತಿಗೆಯನ್ನು ಪುಸ್ತಕದಲ್ಲಿ ಖರ್ಚೆಂದು ಬರೆದು, ಅವುಗಳನ್ನು ಕಟ್ಟದೆ ವರ್ಷಗಟ್ಟಲೆ ವ್ಯಾಜ್ಯವಾಡುತ್ತಿದ್ದ ಉದ್ಯಮಗಳಿದ್ದವು. ಹಣವೂ ಕೈಯಲ್ಲಿ, ವಜಾದ ಲಾಭವೂ ಕೈಯಲ್ಲಿ! ಇದನ್ನು ತಡೆಯಲು 1983ರಲ್ಲಿ ‘43ಬಿ’ ಎಂಬ ಹೊಸ ಪ್ರಕರಣ ಸೇರಿತು. ತೆರಿಗೆ, ಸುಂಕ, ಮಾಲೀಕನ ಭವಿಷ್ಯನಿಧಿ ವಂತಿಗೆ, ಬೋನಸ್ಸು ಮುಂತಾದ ಕೆಲವು ಬಾಬುಗಳನ್ನು, ಲೆಕ್ಕದ ಪದ್ಧತಿ ಯಾವುದೇ ಇರಲಿ, ನಿಜವಾಗಿ ಹಣ ಕೊಟ್ಟ ವರ್ಷದಲ್ಲಿಯೇ ವಜಾ ಮಾಡಬೇಕೆಂದು ಅದು ವಿಧಿಸಿತು. ವರ್ಷ ಮುಗಿದರೂ ತೆರಿಗೆಯ ವಿವರಪತ್ರ ಸಲ್ಲಿಸುವ ಗಡುವಿನೊಳಗೆ ಕಟ್ಟಿದರೆ ಹಿಂದಿನ ವರ್ಷಕ್ಕೇ ವಜಾ ಸಿಗುವಂತೆ ಮುಂದೆ ಸಡಿಲಿಕೆ ದೊರೆಯಿತು. ಭಾರತ್ ಅರ್ತ್ ಮೂವರ್ಸ್ ತೀರ್ಪಿನ ಮರುವರ್ಷವೇ, 2001ರಲ್ಲಿ, ರಜೆಯ ಹಣವನ್ನೂ ಈ ಪಟ್ಟಿಗೆ ಸೇರಿಸಲಾಯಿತು. ಆ ಸೇರ್ಪಡೆಯನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ನೌಕರನ ಸಂಬಳದಿಂದ ಮುರಿದುಕೊಂಡ ಅವನ ಪಾಲಿನ ವಂತಿಗೆಯ ವಿಷಯದಲ್ಲಿ ನಿಯಮ ಇನ್ನೂ ಕಠಿಣ. ಭವಿಷ್ಯನಿಧಿಯ ಕಾನೂನು ಹೇಳಿದ ದಿನದೊಳಗೆ ಅದನ್ನು ಕಟ್ಟದಿದ್ದರೆ ವಜಾ ಸಿಗದೆಂದು 2022ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಅದು ಮಾಲೀಕನ ಹಣವಲ್ಲ, ದುಡಿದವನ ಹಣ.

ಈಗ ಮಸ್ಕಿಯ ಕಾರ್ಖಾನೆಯತ್ತ ತಿರುಗಿ ನೋಡಬೇಕು. ಅಲ್ಲಿ ಲೇತ್ ಯಂತ್ರದ ಮುಂದೆ ನಿಂತು ಗಿರಣಿಯ ಬಿಡಿಭಾಗಗಳನ್ನು ಕಡೆದವನು ಕಬ್ಬಿಣದ ಬೆಲೆಯನ್ನು ಮುಂಚೆಯೇ ತೆತ್ತಿದ್ದಾನೆ, ಕೆಲಸಗಾರರಿಗೆ ವಾರದ ಕೂಲಿ ಕೊಟ್ಟಿದ್ದಾನೆ. ಗಿರಣಿಯು ಅವನ 2 ಲಕ್ಷ ರೂಪಾಯಿಯನ್ನು ಡಿಸೆಂಬರಿನಲ್ಲಿಯೇ ಖರ್ಚೆಂದು ಬರೆದುಕೊಂಡು ತೆರಿಗೆ ಉಳಿಸಿಕೊಂಡಿತು. ಅವನಿಗೆ ಮಾತ್ರ ಮಾರ್ಚ್ ಬಂದರೂ ಕಾಸು ಮುಟ್ಟಲಿಲ್ಲ. ಅವನೂ ಮರ್ಕಂಟೈಲ್ ಪದ್ಧತಿಯಲ್ಲಿ ಲೆಕ್ಕವಿಡುವವನಾದರೆ ಕೈಗೆ ಬಾರದ ಆ ಹಣವನ್ನು ತನ್ನ ವರಮಾನವೆಂದು ತೋರಿಸಬೇಕು. ದೊಡ್ಡವನ ಬಾಕಿ ಸಣ್ಣವನ ಮೇಲೆ ಎರಡು ಭಾರಗಳನ್ನು ಹೊರಿಸುತ್ತದೆ.

ಈ ಅನ್ಯಾಯದ ನಿವಾರಣೆಗಾಗಿ 2023ರ ಹಣಕಾಸು ಕಾನೂನು ‘43ಬಿ’ ಪ್ರಕರಣಕ್ಕೆ ಇನ್ನೊಂದು ಖಂಡವನ್ನು ಸೇರಿಸಿತು. 2024ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. 2006ರ ಸಣ್ಣ ಉದ್ಯಮಗಳ ಕಾನೂನಿನಂತೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ, ಬರೆಹದ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೇಗೂ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು. ಅವಧಿಯೊಳಗೆ ಕೊಟ್ಟರೆ ಹೊಣೆ ಹುಟ್ಟಿದ ವರ್ಷದಲ್ಲಿಯೇ ವಜಾ. ಅವಧಿ ಮೀರಿದರೆ ಹಣ ಕೊಟ್ಟ ವರ್ಷದಲ್ಲಿ ಮಾತ್ರ ವಜಾ. ವಿವರಪತ್ರದ ಗಡುವಿನವರೆಗೆ ಕಾಯುವ ಸಡಿಲಿಕೆ ಇದಕ್ಕಿಲ್ಲ. ಮಸ್ಕಿಯ ಕಾರ್ಖಾನೆ ಸಣ್ಣ ಉದ್ಯಮವೆಂದು ನೋಂದಣಿಯಾಗಿದ್ದರೆ, ಗಿರಣಿಯ ತೆರಿಗೆಗೊಳಪಡುವ ಲಾಭ 28 ಲಕ್ಷವಲ್ಲ, 30 ಲಕ್ಷ. ತೆರಿಗೆ 60 ಸಾವಿರ ರೂಪಾಯಿಯಷ್ಟು ಹೆಚ್ಚು. ಆ 60 ಸಾವಿರ ಮರುವರ್ಷದ ಲೆಕ್ಕದಲ್ಲಿ ಹಿಂದಿರುಗಬಹುದು, ನಿಜ. ಆದರೂ ಬಾಕಿ ಉಳಿಸಿಕೊಳ್ಳುವುದು ಲಾಭವಲ್ಲ ಎಂಬ ಎಚ್ಚರವನ್ನು ಅದು ಮೂಡಿಸುತ್ತದೆ.

ಹಣ ಕೊಟ್ಟಮಾತ್ರಕ್ಕೆ ಎಲ್ಲ ಖರ್ಚೂ ಅದೇ ವರ್ಷ ವಜಾ ಆಗುವುದಿಲ್ಲ ಎಂಬುದೂ ತಿಳಿದಿರಬೇಕಾದ ಸಂಗತಿ. ಸುಗ್ಗಿಯಲ್ಲಿ ಕೊಂಡ ಭತ್ತದಲ್ಲಿ ಒಂದು ಭಾಗ ಮಾರ್ಚ್ 31ರಂದು ಗೋದಾಮಿನಲ್ಲಿಯೇ ಉಳಿದರೆ ಅದು ಆಖೈರು ಶಿಲ್ಕು. ಅದರ ಬೆಲೆ ರೈತನಿಗೆ ಸಂದಿದ್ದರೂ ವರ್ಷದ ಖರ್ಚಿನಿಂದ ಅದನ್ನು ಬೇರ್ಪಡಿಸಬೇಕು. ಅಕ್ಕಿ ಮಾರಿದ ವರ್ಷದಲ್ಲಿ ಅದು ಖರ್ಚಾಗುತ್ತದೆ. ಯಂತ್ರದ ಬೆಲೆಯಂತೂ ಹಲವು ವರ್ಷಗಳಿಗೆ ಹಂಚಿಹೋಗುತ್ತದೆ. ಇದಕ್ಕೆ ಸವಕಳಿಯೆಂದು ಹೆಸರು. ಸಾಮಾನ್ಯ ಯಂತ್ರಗಳಿಗೆ ಸವಕಳಿ ನೂರಕ್ಕೆ 15. ಆದರೆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಕಾಲ ಬಳಸಿದ ಹೊಸ ಯಂತ್ರಕ್ಕೆ ಆ ವರ್ಷ ಅದರ ಅರ್ಧ ಮಾತ್ರ. 20 ಲಕ್ಷ ರೂಪಾಯಿಯ ಯಂತ್ರವನ್ನು ಸೆಪ್ಟೆಂಬರಿನಲ್ಲಿ ನಡೆಸತೊಡಗಿದರೆ 3 ಲಕ್ಷ ವಜಾ. ಭತ್ತ ಬಂದ ಮೇಲೆ ಡಿಸೆಂಬರಿನಲ್ಲಿ ನಡೆಸತೊಡಗಿದರೆ ಒಂದೂವರೆ ಲಕ್ಷ. ಉಳಿದುದು ನಷ್ಟವಾಗುವುದಿಲ್ಲ, ಮುಂದಿನ ವರ್ಷಗಳಿಗೆ ಸರಿಯುತ್ತದೆ.

ಭೂಮಿಯೊಳಗೆ ಕೈಯಿಡುವ ಉದ್ಯಮಕ್ಕೆ ಕಾಲದ ಅಳತೆ ಇನ್ನೂ ದೀರ್ಘವಾದುದು. ಹಟ್ಟಿಯ ಗಣಿಯ ಕಂಪನಿ 1947ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಹುಟ್ಟಿ, ಈಗ ಕರ್ನಾಟಕ ಸರ್ಕಾರದ ಉದ್ಯಮವಾಗಿದೆ. ಚಿನ್ನದ ಅದಿರನ್ನು ಅರಸುವವರು ಮೊದಲು ಬಂಡೆಯನ್ನು ಕೊರೆದು ಪರೀಕ್ಷಿಸುತ್ತಾರೆ. ಫಲ ದೊರೆಯಲು ವರ್ಷಗಳೇ ಬೇಕು. ಆದಕಾರಣ ಖನಿಜ ಶೋಧನೆಯ ಖರ್ಚಿಗೆ ಕಾನೂನು ವಿಶೇಷ ವ್ಯವಸ್ಥೆ ಮಾಡಿತು. ಉತ್ಪಾದನೆ ಆರಂಭವಾದ ವರ್ಷ ಹಾಗೂ ಅದರ ಹಿಂದಿನ 4 ವರ್ಷಗಳಲ್ಲಿ ಗೊತ್ತುಪಡಿಸಿದ ಖನಿಜಗಳ ಶೋಧನೆಗೆ ಆದ ಖರ್ಚನ್ನು 10 ಸಮ ಕಂತುಗಳಲ್ಲಿ ವಜಾ ಮಾಡಬಹುದು. ಫಲ ಬರುವ ವರ್ಷಗಳಿಗೇ ಖರ್ಚು ಸಲ್ಲಬೇಕೆಂಬ ನ್ಯಾಯ ಇದರಲ್ಲಿದೆ.

ಪ್ರತಿಯೊಬ್ಬ ಕಿರಾಣಿ ಅಂಗಡಿಯವನೂ ಇಷ್ಟೆಲ್ಲ ಲೆಕ್ಕವಿಡುವುದು ಸುಲಭವಲ್ಲ. ಆದ್ದರಿಂದ ನಿಗದಿತ ಮಿತಿಯೊಳಗಿನ ಸಣ್ಣ ವ್ಯಾಪಾರಿ ತನ್ನ ವಹಿವಾಟಿನಲ್ಲಿ ನೂರಕ್ಕೆ 8ರಷ್ಟನ್ನು, ಬ್ಯಾಂಕಿನ ಅಥವಾ ಡಿಜಿಟಲ್ ಪಾವತಿಯ ಮೂಲಕ ಬಂದ ಹಣಕ್ಕೆ 6ರಷ್ಟನ್ನು ಲಾಭವೆಂದು ಒಪ್ಪಿ ತೆರಿಗೆ ಲೆಕ್ಕ ಹಾಕುವ ಅವಕಾಶವಿದೆ. ಅಂಥವನು ಖರ್ಚನ್ನು ಬಿಡಿಬಿಡಿಯಾಗಿ ವಜಾ ಕೇಳುವಂತಿಲ್ಲವಾದುದರಿಂದ ಅದು ಯಾವ ವರ್ಷದ್ದೆಂಬ ಪ್ರಶ್ನೆಯೂ ಅವನಿಗೆ ಏಳುವುದಿಲ್ಲ.

1962ರ ಏಪ್ರಿಲ್ 1ರಿಂದ ಜಾರಿಯಾದ 1961ರ ಅಧಿನಿಯಮದ ಸ್ಥಾನಕ್ಕೆ ಸಂಸತ್ತು 2025ರಲ್ಲಿ ಹೊಸ ಆದಾಯ ತೆರಿಗೆ ಅಧಿನಿಯಮವನ್ನು ಅಂಗೀಕರಿಸಿ, 2026ರ ಏಪ್ರಿಲ್ 1ನ್ನು ಅದರ ಜಾರಿಯ ದಿನವೆಂದು ಗೊತ್ತುಮಾಡಿತು. ಪ್ರಕರಣಗಳ ಸಂಖ್ಯೆಗಳು ಅದರಲ್ಲಿ ಬದಲಾಗಿವೆ, ಮೂಲತತ್ತ್ವಗಳು ಉಳಿದಿವೆ. ಒಂದು ಪದ್ಧತಿಯನ್ನು ಆರಿಸಿ ಅದಕ್ಕೆ ಬದ್ಧನಾಗಿರಬೇಕು; ನಿಶ್ಚಿತವಾದ ಹೊಣೆಯನ್ನು ಮಾತ್ರ ಖರ್ಚೆನ್ನಬೇಕು; ಸರ್ಕಾರಕ್ಕೂ ಕಾರ್ಮಿಕನಿಗೂ ಸಣ್ಣ ಕಸುಬಿನವನಿಗೂ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆಯೇ ಅದರ ಫಲ ಕೇಳಬೇಕು.

ಸಿಂಧನೂರಿನ ಗಿರಣಿಯ ಗುಮಾಸ್ತನು ಮಾರ್ಚ್ ತಿಂಗಳ ರಾತ್ರಿ ಪುಸ್ತಕ ತೆರೆದು ಕುಳಿತಾಗ ಅವನ ಮುಂದಿರುವುದು ಬರಿಯ ಅಂಕಿಗಳಲ್ಲ. ಒಂದೊಂದು ಸಾಲಿನ ಹಿಂದೆಯೂ ಒಬ್ಬ ರೈತ, ಒಬ್ಬ ಹಮಾಲ, ಮಸ್ಕಿಯಲ್ಲಿ ಹಣದ ದಾರಿ ಕಾಯುವ ಒಬ್ಬ ಕಸುಬುದಾರ ಇದ್ದಾರೆ. ಸರಿಯಾದ ತಾರೀಖನ್ನು ಬರೆಯುವುದೆಂದರೆ ಅವರೆಲ್ಲರ ಲೆಕ್ಕವನ್ನು ಸರಿಯಾಗಿ ಒಪ್ಪಿಸುವುದೇ ಆಗಿದೆ.